ಬುಧವಾರ ಸಂಜೆ ಏಳು ಗಂಟೆಗೆ ಚಳಿಗಾಲ

ಚಳಿಗಾಲ ಎಂದರೇನು ಎಂಬ ಪ್ರಶ್ನೆಗೆ ಕವಿಗಳು ಏನು ಬೇಕಾದರೂ ಹೇಳಬಹುದು; ಸ್ವೀಡನ್ನಿನ ದಕ್ಷಿಣ ಕರಾವಳಿಯಲ್ಲಿರುವ ಸ್ಕಾರ್ವಿಕ್ ಊರಿನ ಹಿಮಮಿತ್ರರ ಸಂಘಕ್ಕೆ ಆ ಸ್ವಾತಂತ್ರ್ಯವಿರಲಿಲ್ಲ. ಸಂಘದ ನಿಯಮಾವಳಿಯ ಎರಡನೆಯ ಕಲಮಿನ ಪ್ರಕಾರ, ಸತತ ಐದು ದಿನ ಪ್ರತಿದಿನದ ಸರಾಸರಿ ಉಷ್ಣಾಂಶ ಸೊನ್ನೆ ಡಿಗ್ರಿಯಲ್ಲೋ ಅದಕ್ಕಿಂತ ಕೆಳಗೋ ಇದ್ದರೆ ಮಾತ್ರ ಚಳಿಗಾಲ ಬಂದಂತೆ. ನಾಲ್ಕು ದಿನ ಹಲ್ಲು ಕಟಕಟಿಸಿ ಐದನೆಯ ದಿನ ಕೋಟಿನ ಗುಂಡಿ ಬಿಚ್ಚಬೇಕಾಗಿ ಬಂದರೆ ಅದು ಚಳಿಗಾಲವಲ್ಲ, ಬರೀ ಚಳಿ.

ಇದೇ ನಿಯಮಾವಳಿಗೆ ಹದಿನಾಲ್ಕನೆಯ ಕಲಮೊಂದಿತ್ತು. ಸತತ ಮೂರು ವರ್ಷ, ಫೆಬ್ರವರಿ ಹದಿನಾಲ್ಕರೊಳಗೆ, ಸಂಘದ ಉಷ್ಣಮಾಪಕದ ಲೆಕ್ಕದಂತೆ ಚಳಿಗಾಲ ಬಾರದೇ ಹೋದಲ್ಲಿ ಸಂಘವು ವಿಸರ್ಜನೆಗೊಳ್ಳತಕ್ಕದ್ದು. ಗುಡ್ಡದ ಮೇಲಿನ ಅದರ ಮರದ ಮನೆಯು ಊರಿನ ತೋಟಗಾರಿಕಾ ಸಂಘಕ್ಕೆ ಸೇರತಕ್ಕದ್ದು. ಇದನ್ನು ಬರೆದವರನ್ನು ದೂಷಿಸುವುದು ಸರಿಯಲ್ಲ. ೧೯೫೬ರಲ್ಲಿ, ಬಾಗಿಲು ಹಿಮದಲ್ಲಿ ಹೂತುಹೋಗಿದ್ದರಿಂದ ಕಿಟಕಿಯ ಮೂಲಕ ಸಭೆಗೆ ಬಂದಿದ್ದ ಮಹನೀಯರು ಅವರು. ಸಮುದ್ರಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದನ್ನೂ ಅವರು ಅಷ್ಟೇ ನಿಶ್ಚಿಂತೆಯಿಂದ ಬರೆಯುತ್ತಿದ್ದರು.

ಈಗ ಎರಡು ವರ್ಷ ಚಳಿಗಾಲ ಬಂದಿರಲಿಲ್ಲ. ಮೂರನೆಯದು ನಡೆಯುತ್ತಿತ್ತು. ಒಂದು ಕಾಲಕ್ಕೆ ಇನ್ನೂರ ಹನ್ನೊಂದು ಜನರಿದ್ದ ಸಂಘದಲ್ಲಿ ಏಳು ಸದಸ್ಯರು ಉಳಿದಿದ್ದರು. ಅವರಲ್ಲಿಬ್ಬರು ಚಳಿಗಾಲವನ್ನು ಸ್ಪೇನಿನಲ್ಲಿ ಕಳೆಯುತ್ತಿದ್ದರು.

ಅಧ್ಯಕ್ಷರು ಆಲ್ಗೊಟ್ ಲಿಂಡ್‌ವಾಲ್. ವಯಸ್ಸು ಐವತ್ತೆಂಟು. ನಗರಸಭೆಯ ನೀರು ವಿಭಾಗದಲ್ಲಿ ಮೀಟರ್ ಓದುವ ಕೆಲಸ. ಹೊಸ ಮೀಟರುಗಳು ತಮ್ಮ ಲೆಕ್ಕವನ್ನು ತಾವೇ ಕಚೇರಿಗೆ ಕಳುಹಿಸಿಕೊಳ್ಳುವುದರಿಂದ, ಈಗೀಗ ಅವನು ಹೋಗುತ್ತಿದ್ದುದು ಹಠಮಾರಿ ಮೀಟರುಗಳಿರುವ ಮನೆಗಳಿಗೆ ಮಾತ್ರ. ಯಾರಾದರೂ ದಾರಿಯಲ್ಲಿ "ಇವತ್ತು ಚಳಿ ಇದೆ ಅಲ್ವಾ" ಎಂದರೆ "ನೆಲದಿಂದ ಎಷ್ಟು ಎತ್ತರದಲ್ಲಿ" ಎಂದು ಕೇಳುವ ಮನುಷ್ಯ. ಆರು ವರ್ಷದವನಿದ್ದಾಗ ಗುಡ್ಡದ ಮೇಲಿಂದ ಜಾರುಬಂಡಿಯಲ್ಲಿ ಇಳಿದು, ಮುಂದಿನ ಎರಡು ಹಲ್ಲು ಕಳೆದುಕೊಂಡು, ಆ ಮರದ ಮನೆಯ ಒಲೆಯ ಪಕ್ಕದಲ್ಲಿ ಬಿಸಿ ಪ್ಯಾನ್‌ಕೇಕ್ ತಿಂದಿದ್ದ. ಹಲ್ಲು ಹೋದ ನೋವು ನೆನಪಿರಲಿಲ್ಲ, ಪ್ಯಾನ್‌ಕೇಕ್ ನೆನಪಿತ್ತು. ಅಲ್ಲಿ ತೋಟಗಾರರು ಗೊಬ್ಬರದ ಚೀಲ ಒಟ್ಟುವುದನ್ನು ಅವನು ಕಲ್ಪಿಸಿಕೊಳ್ಳಲಾರದವನಾಗಿದ್ದ, ಆದರೆ ದಿನಕ್ಕೆ ಏಳೆಂಟು ಸಲ ಕಲ್ಪಿಸಿಕೊಳ್ಳುತ್ತಿದ್ದ.

ಫೆಬ್ರವರಿ ಒಂಬತ್ತರವರೆಗೆ ಮಳೆ ಸುರಿಯಿತು. ಹತ್ತನೆಯ ತಾರೀಕು, ಶನಿವಾರ, ಸರಾಸರಿ ಸೊನ್ನೆಗಿಂತ ಸೊನ್ನೆ ಬಿಂದು ಮೂರು ಕೆಳಗಿಳಿಯಿತು. ಭಾನುವಾರ ಸೊನ್ನೆ ಬಿಂದು ಒಂದು ಕೆಳಗೆ. ಹಿಮದ ಸುಳಿವಿರಲಿಲ್ಲ, ಹುಲ್ಲು ಕಂದಾಗಿಯೇ ಇತ್ತು; ಆದರೂ ನಿಯಮಾವಳಿ ಹುಲ್ಲಿನ ಬಣ್ಣ ಕೇಳುವುದಿಲ್ಲ. ಅಂದು ಸಂಜೆ ಊರಿನ ವಾರಪತ್ರಿಕೆಯಿಂದ ಒಬ್ಬಾಕೆ, ಬಂದರು ಬೀದಿಯಲ್ಲಿ ಸೋರುತ್ತಿದ್ದ ನೀರಿನ ಪೈಪಿನ ಬಗ್ಗೆ ವಿಚಾರಿಸಲು ಆಲ್ಗೊಟ್‌ಗೆ ಫೋನ್ ಮಾಡಿದಳು. ಅವನು ಪೈಪಿನ ಬಗ್ಗೆ ಒಂದು ವಾಕ್ಯವನ್ನೂ ಚಳಿಗಾಲದ ಬಗ್ಗೆ ನಲವತ್ತು ವಾಕ್ಯಗಳನ್ನೂ ಹೇಳಿದ. ಉಷ್ಣಾಂಶ ಹೀಗೆಯೇ ಮುಂದುವರಿದಲ್ಲಿ, ಮತ್ತು ಗಾಳಿ ಪೂರ್ವದಿಂದಲೇ ಬೀಸಿದಲ್ಲಿ, ಐದನೆಯ ದಿನದ ಕೊನೆಯ ಅಳತೆಯ ಹೊತ್ತಿಗೆ, ಅಂದರೆ ಬುಧವಾರ ಸಂಜೆ ಏಳಕ್ಕೆ, ಚಳಿಗಾಲ ಬಂದಂತಾಗುವುದು ಎಂದ.

ಸೋಮವಾರದ ಪತ್ರಿಕೆಯಲ್ಲಿ "ಮುಂದುವರಿದಲ್ಲಿ" ಇರಲಿಲ್ಲ, "ಬೀಸಿದಲ್ಲಿ" ಇರಲಿಲ್ಲ. ಆಲ್ಗೊಟ್‌ನ ಫೋಟೋ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ "ಬುಧವಾರ ಸಂಜೆ ಏಳಕ್ಕೆ ಚಳಿಗಾಲ: ಲಿಂಡ್‌ವಾಲ್ ಭರವಸೆ" ಎಂದಿತ್ತು. ಶರತ್ತುಗಳನ್ನು ಕಿತ್ತುಹಾಕಿದ್ದಕ್ಕೆ ಅವನಿಗೆ ವೈಜ್ಞಾನಿಕವಾಗಿ ಬಹಳ ಬೇಸರವಾಯಿತು. ಆ ಬೇಸರದಲ್ಲೇ ಸುದ್ದಿಯನ್ನು ನೀಟಾಗಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಸ್ಕಾರ್ವಿಕ್ ಜನ ಅಚ್ಚಾದದ್ದನ್ನು ನಂಬುವವರು. ಮಧ್ಯಾಹ್ನದೊಳಗೆ ನಗರಸಭೆಯ ರಸ್ತೆ ವಿಭಾಗದಿಂದ ಕರೆ ಬಂತು; ಏಳಕ್ಕೆಂದರೆ ಸರಿಯಾಗಿ ಏಳಕ್ಕೇನಾ, ಹಿಮಕ್ಕೆ ರಸ್ತೆ ಜಾರದಂತೆ ಉಪ್ಪು ಹಾಕುವ ಲಾರಿ ಆರೂವರೆಗೆ ಹೊರಟರೆ ಸಾಕಾಗುತ್ತದಾ ಎಂದು ಅಲ್ಲಿಯ ಅಧಿಕಾರಿ ಕೇಳಿದ. ಆಲ್ಗೊಟ್ ವಿವರಿಸಲು ಹೋದ. ವಿವರಣೆಯ ನಡುವೆ ಅಧಿಕಾರಿ, ಹಾಗಾದರೆ ಲಾರಿಯನ್ನು ನಿಮ್ಮ ಮನೆಯ ಮುಂದೆಯೇ ನಿಲ್ಲಿಸುತ್ತೇವೆ, ನೀವು ಕೈ ಬೀಸಿದರೆ ಸಾಕು ಎಂದು ಫೋನಿಟ್ಟ. ಹಠಮಾರಿ ಮೀಟರಿನ ಮನೆಯ ಮುದುಕಿಯೊಬ್ಬಳು ಬುಧವಾರ ಬಟ್ಟೆ ಒಣಹಾಕಬಹುದೇ ಎಂದು ಕೇಳಿ, ಏಳಕ್ಕೆ ಮುಂಚೆ ತೆಗೆದುಬಿಡುವುದಾಗಿ ತಾನೇ ಉತ್ತರವನ್ನೂ ಹೇಳಿಕೊಂಡಳು. ಶಿಶುವಿಹಾರದ ಮಕ್ಕಳು ಹಳದಿ ಕೋಟು ತೊಟ್ಟು ಕಂದು ಹುಲ್ಲಿನ ಮೇಲೆ ಜಾರುಬಂಡಿ ಎಳೆದು ಅಭ್ಯಾಸ ನಡೆಸಿದರು.

ಇದೆಲ್ಲಕ್ಕಿಂತ ಗಂಭೀರ ಪರಿಣಾಮವೆಂದರೆ ಯೆರ್ಕರ್ ಹೊರಟುಬಂದದ್ದು. ಯೆರ್ಕರ್ ಎಂದರೆ ಆಲ್ಗೊಟ್‌ನ ಹೆಂಡತಿ ಮೈಬ್ರಿಟ್‌ಳ ಅಣ್ಣ. ದೇಶದ ಉತ್ತರ ತುದಿಯವನು, ವರ್ಷಕ್ಕೆ ಆರು ತಿಂಗಳು ಹಿಮ ಕಡಿದು ಬಾಗಿಲು ತೆರೆಯುವವನು. ತಂಗಿ ಹೆಮ್ಮೆಯಿಂದ ಫೋನಿನಲ್ಲಿ ಕಳುಹಿಸಿದ್ದ ಪತ್ರಿಕೆಯ ಚಿತ್ರ ನೋಡಿ, ಇಪ್ಪತ್ತು ತಾಸು ರೈಲಿನಲ್ಲಿ ಕೂತು, ಹೆಗಲ ಮೇಲೆ ಹಿಮದಲ್ಲಿ ಜಾರುವ ಉದ್ದನೆಯ ಸ್ಕೀ ಹಲಗೆಗಳನ್ನು ಹೊತ್ತು ಮಂಗಳವಾರ ಮಧ್ಯಾಹ್ನ ಅಂಗಳದಲ್ಲಿ ನಿಂತ. ಒಂದು ನಿಮಿಷ ಹುಲ್ಲನ್ನು ನೋಡಿದ.

"ಇದಕ್ಕ ನೀವು ಚಳಿಗಾಲ ಅಂತೀರಿ," ಎಂದ. "ನಮ್ಮ ಕಡೆ ಇದಕ್ಕ ಸೆಪ್ಟೆಂಬರ್ ಅಂತಾರ."

ಮುಂದಿನ ಮೂರು ತಾಸಿನಲ್ಲಿ ಅವನು ಆಡಿದ್ದು ಇದಿಷ್ಟೇ. ಉತ್ತರದವರು ಕೇಳದೆ ಹೇಳುವವರಲ್ಲ. ಕೇಳಿದ್ದಕ್ಕೂ "ಹೌದು" ಎನ್ನುವ ಬದಲು ಬಾಯಿ ಸಣ್ಣಗೆ ಮಾಡಿ ಶುಪ್ ಎಂದು ಗಾಳಿ ಒಳಗೆಳೆದುಕೊಳ್ಳುತ್ತಾರೆ. ತಣ್ಣನೆಯ ಪ್ರದೇಶದಲ್ಲಿ ಬಾಯಿ ಹೆಚ್ಚು ತೆರೆಯುವುದು ದಂಡವೆಂದಿರಬೇಕು. ಕಾಫಿ ಬೇಕಾ ಎಂದರೆ ಶುಪ್. ಪ್ರಯಾಣ ಸುಖವಾಯಿತಾ ಎಂದರೆ ಶುಪ್.

ಅಂದೇ ಬೆಳಿಗ್ಗೆ, ಯೆರ್ಕರ್ ಬರುವ ಮುಂಚೆ, ಒಂದು ಘಟನೆ ನಡೆದಿತ್ತು. ಆಲ್ಗೊಟ್‌ನ ಹಿತ್ತಿಲಿನಲ್ಲಿ, ಬೇಲಿಗಿಡದಿಂದ ನಾಲ್ಕು ಮೀಟರ್ ಈಚೆ, ಕಂಬದ ಮೇಲೆ ಬಿಳಿ ಬಣ್ಣದ ಪಟ್ಟಿಪಟ್ಟಿ ಪೆಟ್ಟಿಗೆಯೊಂದಿತ್ತು. ಅದರೊಳಗೆ ಸಂಘದ ಉಷ್ಣಮಾಪಕ. ಬೇಲಿಯಾಚೆಗೆ ಹೋಲ್ಗರ್ ಸಂಡೆಲಿನ್ ಅವರ ತೋಟ. ಹೋಲ್ಗರ್ ನಿವೃತ್ತ ದಂತವೈದ್ಯರು ಮತ್ತು ತೋಟಗಾರಿಕಾ ಸಂಘದ ಅಧ್ಯಕ್ಷರು. ಚಳಿ ಇಲ್ಲದ ಚಳಿಗಾಲಗಳಲ್ಲಿ ಅವರ ತೋಟ ನಾಚಿಕೆಯಿಲ್ಲದೆ ಹಸಿರಾಗಿರುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ತಮ್ಮ ಮನೆಯ ಆಚೆ ಬದಿಯಲ್ಲಿ ಅವರು ಬೀಜದಿಂದ ಬೆಳೆಸಿದ ಎರಡೂವರೆ ಮೀಟರ್ ಎತ್ತರದ ತಾಳೆಗಿಡವಿತ್ತು. ಸ್ವೀಡನ್ನಿನಲ್ಲಿ ತಾಳೆ ಬೆಳೆಸುವವನ ಮನಸ್ಸಿನಲ್ಲಿ ಏನಿರಬಹುದೆಂದು ಆಲ್ಗೊಟ್‌ಗೆ ಯಾವ ಸಂದೇಹವೂ ಇರಲಿಲ್ಲ. ಹೋಲ್ಗರ್‌ಗೆ ಬೇಕಾದದ್ದು ಸೆಕೆ; ಸೆಕೆಯ ಮೂಲಕ ಗುಡ್ಡದ ಮನೆ.

ಮಂಗಳವಾರ ಬೆಳಿಗ್ಗೆ ಏಳರ ಅಳತೆಗೆ ಹೋದ ಆಲ್ಗೊಟ್ ಕಂಡದ್ದೇನೆಂದರೆ, ಬೇಲಿಯಾಚೆ ಹೋಲ್ಗರ್ ಮಂಡಿಯೂರಿ ಕೂತಿದ್ದಾರೆ, ಕೈಯಲ್ಲಿ ಕಿತ್ತಳೆ ಬಣ್ಣದ ಉದ್ದನೆಯ ವಿದ್ಯುತ್ ವಯರಿದೆ, ಮತ್ತು ಅವರ ಕಣ್ಣು ಬಿಳಿ ಪೆಟ್ಟಿಗೆಯ ಮೇಲಿದೆ.

"ಹೀಟರ್ ಇಡ್ತಿದಾನೆ," ಎಂದು ಅವನು ಅಡುಗೆಮನೆಗೆ ಬಂದು ಪಿಸುಗುಟ್ಟಿದ.

ಮೈಬ್ರಿಟ್ ಕೆನೆ ತುಂಬಿದ ಬನ್ನುಗಳಿಗೆ ಸಕ್ಕರೆಪುಡಿ ಉದುರಿಸುತ್ತಿದ್ದಳು. ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚೆ ದೇಶವೆಲ್ಲ ಬನ್ನು ತಿನ್ನುವ ಮಂಗಳವಾರ ಅದು. "ಹೋಗಿ ಕೇಳು," ಎಂದಳು.

"ಏನಂತ ಕೇಳ್ಲಿ?"

"ಏನ್ಮಾಡ್ತಿದೀರಿ ಅಂತ ಕೇಳು. ಇಪ್ಪತ್ತು ವರ್ಷದಿಂದ ಪಕ್ಕದ ಮನೇಲಿದಾರೆ, ಒಂದ್ಸಲ ಕೇಳಿದ್ರೆ ಹಲ್ಲು ಕೀಳಲ್ಲ."

ಸಲಹೆ ಸರಳವಾಗಿತ್ತು, ಆದ್ದರಿಂದಲೇ ಅಸಾಧ್ಯವಾಗಿತ್ತು. ಪಕ್ಕದವರನ್ನು ನೇರವಾಗಿ ಕೇಳುವ ಪದ್ಧತಿ ಸ್ಕಾರ್ವಿಕ್‌ನಲ್ಲಿಲ್ಲ. ಅಲ್ಲಿ ಚೀಟಿ ಅಂಟಿಸುತ್ತಾರೆ. ಎಲ್ಲರೂ ಬಳಸುವ ಬಟ್ಟೆ ಒಗೆಯುವ ಯಂತ್ರದಲ್ಲಿ ನೂಲು ಬಿಟ್ಟವನಿಗೆ ಚೀಟಿ, ಸೈಕಲ್ ಅಡ್ಡ ನಿಲ್ಲಿಸಿದವನಿಗೆ ಚೀಟಿ. ಮುಖ ನೋಡಿ ಮಾತಾಡುವುದು ಅಗ್ನಿ ಅವಘಡಗಳಿಗೆ ಮೀಸಲು. ಆಲ್ಗೊಟ್ ಮೂರು ಕರಡು ತಿದ್ದಿ ನಾಲ್ಕನೆಯದನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಬೇಲಿಗೆ ಸಿಕ್ಕಿಸಿದ: "ಗೌರವಾನ್ವಿತ ನೆರೆಯವರಲ್ಲಿ ವಿನಂತಿ. ಈ ದಿನಗಳಲ್ಲಿ ಕೃತಕ ಶಾಖವನ್ನು ಬಳಸುವುದು ನ್ಯಾಯಸಮ್ಮತವಲ್ಲ. ಊರೇ ನೋಡುತ್ತಿದೆ."

ಒಂದು ತಾಸಿನಲ್ಲಿ ಉತ್ತರ ಬಂತು, ದಂತವೈದ್ಯರ ಸಣ್ಣ ಅಕ್ಷರದಲ್ಲಿ: "ನೀವು ಹೇಳಿದ್ದು ನ್ಯಾಯ. ವಯರನ್ನು ಪೂರ್ತಿ ತೆಗೆದಿದ್ದೇನೆ. ಇನ್ನು ಯಾರೂ ಬೆರಳು ತೋರಿಸುವಂತಿಲ್ಲ. ಬುಧವಾರಕ್ಕಾಗಿ ನಾನೂ ಕಾಯುತ್ತಿದ್ದೇನೆ."

ಆಲ್ಗೊಟ್ ಇದನ್ನು ನಾಲ್ಕು ಸಲ ಓದಿದ. ಮೊದಲ ಎರಡು ವಾಕ್ಯಗಳು ತಪ್ಪೊಪ್ಪಿಗೆ. ಮೂರನೆಯದು ಸವಾಲು. ನಾಲ್ಕನೆಯದು ಸ್ಪಷ್ಟವಾದ ಬೆದರಿಕೆ.

ತುರ್ತು ಸಭೆ ಅಂದು ಸಂಜೆ ಆಲ್ಗೊಟ್‌ನ ಅಡುಗೆಮನೆಯಲ್ಲಿ ಸೇರಿತು. ಊರಿನಲ್ಲಿದ್ದ ಐವರು ಸದಸ್ಯರೂ ಬಂದರು. ಕಾರ್ಯದರ್ಶಿ ಡಾಗ್ನಿಯವರು ಮೊದಲೇ ಬಂದು ಮೇಜಿನ ತುದಿಯಲ್ಲಿ ಕೂತಿದ್ದರು. ಅವರಿಗೆ ಎಂಬತ್ತೊಂದು ವರ್ಷ; ೧೯೭೧ರಿಂದ ಕಾರ್ಯದರ್ಶಿ; ಸಭೆಯಲ್ಲಿ ಯಾರು ಏನೆಂದರೂ, ಉಪ್ಪು ಕೊಡಿ ಎಂದರೂ, ದಾಖಲಿಸುವವರು. ಅವರ ಕಡತಗಳು ಮೂವತ್ತೆರಡಾಗಿದ್ದವು. ಓದಿದವರು ಯಾರೂ ಇರಲಿಲ್ಲ. ಆಲ್ಗೊಟ್ ಚೀಟಿಯನ್ನು ಗಟ್ಟಿಯಾಗಿ ಓದಿದ. ಅಂದಿನ ಸರಾಸರಿ ಸೊನ್ನೆ ಬಿಂದು ಎರಡು ಕೆಳಗಿದೆ, ಸೋಮವಾರವೂ ಸೇರಿ ನಾಲ್ಕು ದಿನಗಳು ಭದ್ರವಾಗಿವೆ, ಉಳಿದದ್ದು ನಾಳೆಯೊಂದೇ, ಶತ್ರು ಎಚ್ಚರವಾಗಿದ್ದಾನೆ ಎಂದ.

"ಶತ್ರು ಅಂತಲೇ ಬರೀಲಾ, ಅಧ್ಯಕ್ಷರೇ?" ಎಂದು ಡಾಗ್ನಿಯವರು ಕೇಳಿದರು.

"ನೆರೆಯವರು ಅಂತ ಬರೀರಿ, ಡಾಗ್ನಿಯಮ್ಮ."

ಅವರು ಎರಡನ್ನೂ ಬರೆದರು.

ಸರ್ವಾನುಮತದ ನಿರ್ಣಯ ಹೀಗಿತ್ತು: ಬುಧವಾರ ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಪೆಟ್ಟಿಗೆಯ ಸುತ್ತ ಕಾವಲು. ಕತ್ತಲಾದ ಮೇಲೆ ಯಾವ ಕೈಯೂ ಕಾಣದೆ ಹತ್ತಿರ ಬರಬಾರದು. ಅದಕ್ಕೆ ಬೆಳಕು ಬೇಕು. ವಿದ್ಯುತ್ ದೀಪದ ವಯರನ್ನು ಶತ್ರು ಕಿತ್ತರೆ? ಆದ್ದರಿಂದ ಅತಿಥಿಗಳು ಬರುವ ದಿನ ಗೇಟಿನ ಬಳಿ ಹಚ್ಚಿಡುತ್ತಾರಲ್ಲ, ಗಾಳಿಗೆ ಆರದ ತಗಡಿನ ಡಬ್ಬಿಯ ಮೇಣದ ದೀಪಗಳು, ಅವನ್ನು ಸುತ್ತ ಇಡುವುದು. ಚಳಿಗಾಲವೂ ಒಂದು ರೀತಿಯಲ್ಲಿ ಅತಿಥಿಯೇ ಎಂದು ಒಬ್ಬ ಸದಸ್ಯ ಭಾವುಕನಾಗಿ ಹೇಳಿದ. ಡಾಗ್ನಿಯವರು ಬರೆದುಕೊಂಡರು.

ಬುಧವಾರ ಬೆಳಿಗ್ಗೆ ಏಳಕ್ಕೆ ಸೊನ್ನೆಗಿಂತ ಒಂದು ಬಿಂದು ಎರಡು ಕೆಳಗೆ. ಮಧ್ಯಾಹ್ನ ಒಂದಕ್ಕೆ ಸೊನ್ನೆಗಿಂತ ಬಿಂದು ನಾಲ್ಕು ಮೇಲೆ. ಆಲ್ಗೊಟ್ ಲೆಕ್ಕ ಹಾಕಿದ: ದಿನದ ಮೂರನೆಯದಾದ ಸಂಜೆಯ ಅಳತೆ ಸೊನ್ನೆಗಿಂತ ಬಿಂದು ಎಂಟು ಮೇಲಿದ್ದರೂ ಸರಾಸರಿ ಸೊನ್ನೆ, ಅಷ್ಟು ಸಾಕು. ಆಕಾಶ ಬೂದುಬಣ್ಣಕ್ಕಿತ್ತು, ಗಾಳಿ ಪೂರ್ವದ್ದು, ಸೂರ್ಯ ಮುಳುಗಿದ ಮೇಲೆ ಉಷ್ಣಾಂಶ ಇಳಿಯಲೇಬೇಕು. ಹೋಲ್ಗರ್ ಒಬ್ಬರನ್ನು ತಡೆದರೆ ಚಳಿಗಾಲ ನಿಶ್ಚಿತ.

ಅವನು ಇಪ್ಪತ್ತನಾಲ್ಕು ದೀಪಗಳನ್ನು ಕಂಬದ ಸುತ್ತ ಅಳತೆಪಟ್ಟಿ ಹಿಡಿದು ಇಟ್ಟ. ಅರವತ್ತು ಸೆಂಟಿಮೀಟರ್ ತ್ರಿಜ್ಯದ, ಯಾರೂ ತಪ್ಪು ಹುಡುಕಲಾಗದ ವೃತ್ತ.

ಐದೂವರೆಯ ಹೊತ್ತಿಗೆ ಪತ್ರಿಕೆ ಓದಿದವರೆಲ್ಲ ಬರತೊಡಗಿದರು. ಚಳಿಗಾಲ ಬರುವುದನ್ನು ಕಣ್ಣಾರೆ ನೋಡುವ ಅವಕಾಶ ದಿನವೂ ಸಿಗುವುದಿಲ್ಲ. ಆರೂವರೆಗೆ ಹಿತ್ತಿಲಿನಲ್ಲಿ ಅರವತ್ತು ಜನ ಸೇರಿ, ದೀಪಗಳ ಸುತ್ತ ಒತ್ತಾಗಿ ನಿಂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಪೆಟ್ಟಿಗೆಯ ಕಡೆಗೇ ಊದಿ ಊದಿ ಕುಡಿಯುತ್ತಿದ್ದರು. ಉಪ್ಪಿನ ಲಾರಿ ಹಿಂದುಮುಂದಾಗಿ ಪಕ್ಕದ ಓಣಿಗೆ ನುಗ್ಗಿ, ಓಣಿಯ ಬದಿಯ ಬೇಲಿಯ ಸಂದಿಗೆ ಹೊಗೆಕೊಳವೆ ತೂರಿಸಿ, ಇಂಜಿನ್ ನಿಲ್ಲಿಸದೆ ನಿಂತಿತು. ಬಟ್ಟೆ ಒಣಹಾಕಿದ್ದ ಮುದುಕಿ ಒಣಗಿದ ಬಟ್ಟೆಯ ಬುಟ್ಟಿಯೊಂದಿಗೇ ಬಂದಿದ್ದಳು. ಅಳತೆಯ ಹೊತ್ತಿಗೆ ಮುನ್ನ ಪೆಟ್ಟಿಗೆ ತೆರೆಯಕೂಡದೆಂದು ಆರನೆಯ ಕಲಮು ಹೇಳುವುದರಿಂದ ಆಲ್ಗೊಟ್ ಅದಕ್ಕೆ ಬೆನ್ನು ಮಾಡಿ, ಬೇಲಿಯನ್ನೇ ದಿಟ್ಟಿಸಿ ನಿಂತಿದ್ದ. ಬೇಲಿಯ ಮೇಲೆ ಹೋಲ್ಗರ್‌ರ ಮುಖ ಎರಡು ಸಲ ಮೂಡಿತು. ಅವರು ಕೈಯಾಡಿಸಿ ಏನನ್ನೋ ಹೇಳಹೊರಟಂತೆ ಕಂಡಿತು. ಎರಡು ಸಲವೂ ಕಾವಲಿನವರು ಒಟ್ಟಾಗಿ ಕೆಮ್ಮಿದ್ದರಿಂದ, ಆ ಊರಿನಲ್ಲಿ ಅದಕ್ಕಿಂತ ಕಠಿಣವಾದ ಎಚ್ಚರಿಕೆ ಇಲ್ಲವಾದ್ದರಿಂದ, ಮುಖ ಇಳಿದುಹೋಯಿತು.

ಯೆರ್ಕರ್ ಮೇಲ್ದುಟಿಯಡಿ ಹೊಗೆಸೊಪ್ಪಿನ ಪೊಟ್ಟಣ ಸಿಕ್ಕಿಸಿಕೊಂಡು ಹಿಂಬಾಗಿಲ ಮೆಟ್ಟಿಲಿನ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದ.

"ವ್ಯವಸ್ಥೆ ಹೇಗಿದೆ, ಭಾವ?" ಎಂದು ಆಲ್ಗೊಟ್ ಹೆಮ್ಮೆಯಿಂದ ಕೇಳಿದ.

ಯೆರ್ಕರ್ ದೀಪಗಳನ್ನು ನೋಡಿದ, ಜನರನ್ನು ನೋಡಿದ, ಲಾರಿಯನ್ನು ನೋಡಿದ. "ಬೆಚ್ಚಗದ," ಎಂದ.

ಆಲ್ಗೊಟ್ ಇದನ್ನು ಆತಿಥ್ಯದ ಪ್ರಶಂಸೆಯೆಂದು ತಿಳಿದು ಧನ್ಯವಾದ ಹೇಳಿದ.

ಏಳು ಗಂಟೆಗೆ ಚರ್ಚಿನ ಗಡಿಯಾರ ಬಾರಿಸಿತು. ಜನ ಟೋಪಿ ತೆಗೆದರು. ಆಲ್ಗೊಟ್ ದೀಪಗಳನ್ನು ದಾಟಿ, ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ. ಸೊನ್ನೆಗಿಂತ ಒಂದು ಬಿಂದು ಒಂದು ಮೇಲೆ.

ಮೂರು ಅಳತೆ ಕೂಡಿ ಮೂರರಿಂದ ಭಾಗಿಸುವುದಕ್ಕೆ ಅವನಿಗೆ ಸಾಮಾನ್ಯವಾಗಿ ಎರಡು ಸೆಕೆಂಡು ಸಾಕು. ಅಂದು ಒಂದು ನಿಮಿಷ ಹಿಡಿಯಿತು, ಏಕೆಂದರೆ ಅವನು ಅದನ್ನು ಏಳು ಸಲ ಮಾಡಿದ. ಪ್ರತಿ ಸಲವೂ ಸರಾಸರಿ ಸೊನ್ನೆಗಿಂತ ಬಿಂದು ಒಂದು ಮೇಲಿತ್ತು.

"ಬಂತಾ?" ಎಂದು ಲಾರಿಯ ಚಾಲಕ ಓಣಿಯಿಂದ ಕೂಗಿದ.

"ಬರಲಿಲ್ಲ," ಎಂದ ಆಲ್ಗೊಟ್.

ಜನರು ಟೋಪಿ ಹಾಕಿಕೊಂಡು, ತಮ್ಮ ತಮ್ಮ ಕಪ್ಪುಗಳನ್ನು ತೊಳೆದಿಟ್ಟು ಹೊರಟರು. ಶವಸಂಸ್ಕಾರದಿಂದಲೂ ಆ ಊರಿನವರು ಹೀಗೆಯೇ ಹೋಗುತ್ತಾರೆ. ಆಗ ಯೆರ್ಕರ್ ಮೆಟ್ಟಿಲಿಳಿದು ಬಂದು ಒಂದು ದೀಪವನ್ನು ಬೂಟಿನ ತುದಿಯಿಂದ ಮುಟ್ಟಿದ.

"ಇವುಗಳದಽ ಕೆಲಸ. ಸುತ್ತ ಬೆಂಕಿ ಹಚ್ಚಿದ್ರ ಕಾಯ್ತದ."

ಆಲ್ಗೊಟ್ ಅವನನ್ನೂ ದೀಪಗಳ ಪರಿಪೂರ್ಣ ವೃತ್ತವನ್ನೂ ನೋಡಿದ. "ಮೊದಲೇ ಯಾಕೆ ಹೇಳ್ಲಿಲ್ಲ, ಭಾವ?"

"ನೀ ಹೆಂಗದ ಅಂತ ಕೇಳ್ದಿ. ಬೆಚ್ಚಗದ ಅಂತ ಹೇಳ್ದೆ."

ವಿಸರ್ಜನಾ ಸಭೆ ಏಳೂಕಾಲಿಗೆ ಅಡುಗೆಮನೆಯಲ್ಲಿ ಆರಂಭವಾಯಿತು. ಯೆರ್ಕರ್ ಸದಸ್ಯನಲ್ಲವಾದ್ದರಿಂದ ಹೊರಗೇ ಉಳಿದ. ಡಾಗ್ನಿಯವರು ಮೂವತ್ತೆರಡು ಕಡತಗಳನ್ನೂ ಕೈಗಾಡಿಯಲ್ಲಿ ತರಿಸಿದ್ದರು, ಹಸ್ತಾಂತರಿಸಲು. ಅಧ್ಯಕ್ಷನಾದವನು ಹದಿನಾಲ್ಕನೆಯ ಕಲಮನ್ನು ಎದ್ದು ನಿಂತು ಓದಬೇಕಿತ್ತು. ಆಲ್ಗೊಟ್ ಎದ್ದು ನಿಂತ, ಓದಲು ಆಗಲಿಲ್ಲ. ಸಂಘವನ್ನು ಮುಗಿಸಿದ್ದು ಬಿಸಿಗಾಳಿಯಲ್ಲ, ಸಮುದ್ರವಲ್ಲ, ತನ್ನದೇ ಅಳತೆಪಟ್ಟಿ ಎಂದಷ್ಟೇ ಹೇಳಿ ಕೂತ. ಮೈಬ್ರಿಟ್ ಅವನ ಮುಂದೆ ನಿನ್ನೆಯ ಬನ್ನೊಂದನ್ನು ಇಟ್ಟಳು. ಅದನ್ನೂ ದಾಖಲಿಸಲಾಯಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹೋಲ್ಗರ್ ಸಂಡೆಲಿನ್ ಅವರು ಚೀಟಿಯಿಲ್ಲದೆ ಬಂದಿದ್ದರು. ಮುಖ ಕೆಂಪಾಗಿತ್ತು, ಕೈಯಲ್ಲೊಂದು ನೋಟ್‌ಬುಕ್ ಇತ್ತು. ಮನೆಯೊಳಗೆ ಬಂದರೂ ಬೂಟು ಬಿಚ್ಚಿರಲಿಲ್ಲ. ಇದರಿಂದ ಪರಿಸ್ಥಿತಿ ಎಷ್ಟು ವಿಷಮವೆಂದು ಎಲ್ಲರಿಗೂ ತಿಳಿಯಿತು.

"ನಿಮಗೆ ತಲೆ ಇದೆಯಾ, ಲಿಂಡ್‌ವಾಲ್?" ಎಂದರು. "ಇಪ್ಪತ್ನಾಲ್ಕು ದೀಪ! ನಾನು ಬೇಲಿ ಮೇಲಿಂದ ಎರಡು ಸಲ ಆರಿಸಿ ಅಂತ ಸನ್ನೆ ಮಾಡ್ದೆ. ನನ್ನನ್ನ ನೋಡಿ ಕೆಮ್ತೀರಿ."

"ನಿಮಗೇನು ನಷ್ಟ? ಮನೆ ನಿಮಗೇ ಬಂತಲ್ಲ."

"ನನಗ್ಯಾಕ್ರೀ ಆ ಮನೆ? ಅದರ ಮಾಡು ಸೋರುತ್ತೆ. ನನಗೆ ಬೇಕಾಗಿದ್ದು ಚಳಿಗಾಲ."

ಡಾಗ್ನಿಯವರು ಇದನ್ನೂ ಬರೆದುಕೊಂಡರು. ಹೋಲ್ಗರ್ ಕುರ್ಚಿಯಲ್ಲಿ ಕುಸಿದು ವಿಷಯ ಬಿಡಿಸಿ ಹೇಳಿದರು. ತೋಟಗಾರಿಕಾ ಸಂಘದ ಬಳಿ ಒಂದು ಚರ್ಮದ ರಟ್ಟಿನ ಪುಸ್ತಕವಿದೆ. ಬಯಲಿನಲ್ಲಿ, ಕೃತಕ ಶಾಖವಿಲ್ಲದೆ ಚಳಿಗಾಲ ಕಳೆದು ಬದುಕಿದ ಗಿಡಗಳ ಹೆಸರು ಮಾತ್ರ ಅದರಲ್ಲಿ ಸೇರುತ್ತದೆ. ತಮ್ಮ ತಾಳೆ ಮೂರು ವರ್ಷದಿಂದ ಬಯಲಿನಲ್ಲೇ ನಿಂತಿದೆ. ಆದರೆ ಚಳಿಗಾಲವೇ ಬಾರದಿದ್ದರೆ ಕಳೆದದ್ದು ಏನನ್ನು? ಪ್ರತಿ ವರ್ಷವೂ ಆ ಪುಟವನ್ನು ಖಾಲಿ ಬಿಟ್ಟು ಮುಚ್ಚಬೇಕಾಗಿದೆ. ಈ ಸಲ ಪತ್ರಿಕೆ ನೋಡಿ, ಗಿಡಕ್ಕೆ ಸುತ್ತಿಟ್ಟಿದ್ದ, ವರ್ಷವಿಡೀ ಹಚ್ಚಿಯೇ ಇರದ ಆ ಕಿತ್ತಳೆ ಬಣ್ಣದ ಬಿಸಿವಯರನ್ನು ಯಾರೂ ಅನುಮಾನಿಸದಿರಲೆಂದು ಬಿಚ್ಚಿ ಒಳಗೊಯ್ಯುತ್ತಿದ್ದಾಗ ಬೇಲಿಯ ಮೇಲೆ ಚೀಟಿ ಬಂತು. ಎಷ್ಟು ಸರಿಯಾಗಿ ಹೇಳಿದರು ಎಂದುಕೊಂಡೆ ಎಂದರು. ಬೆಳಗಿನ ಹೊತ್ತು ವಯರು ಹಿಡಿದೇ ಬೇಲಿಯ ಬಳಿ ಬಂದು ಕೂತು ಪೆಟ್ಟಿಗೆಯನ್ನು ನೋಡುತ್ತಿದ್ದದ್ದೂ ನಿಜ. ಅದು, ಅವರದೇ ಮಾತಿನಲ್ಲಿ, ಪ್ರಾರ್ಥನೆ.

ಮೂರು ವರ್ಷದಿಂದ ಬೇಲಿಯ ಎರಡೂ ಬದಿ ಒಂದೇ ವಸ್ತುವನ್ನು ಬಯಸುತ್ತ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದ ಇಬ್ಬರು ಗಂಡಸರು ಪರಸ್ಪರ ನೋಡದೆ ಮೇಜನ್ನು ನೋಡಿದರು.

"ಮನೆಯಾಚೆ, ತಾಳೆ ಹತ್ರ, ನನ್ನದೂ ಒಂದು ಉಷ್ಣಮಾಪಕ ಇದೆ," ಎಂದರು ಹೋಲ್ಗರ್, ನೋಟ್‌ಬುಕ್ ಮುಂದೆ ತಳ್ಳಿ. "ನಿಮ್ಮ ದೀಪ ಅಲ್ಲಿಗೆ ಮುಟ್ಟಲ್ಲ."

ಆಲ್ಗೊಟ್ ಓದಿದ. ಶನಿವಾರದಿಂದ ಮಂಗಳವಾರದವರೆಗೆ ಎಲ್ಲ ಸರಾಸರಿಯೂ ಸೊನ್ನೆಯ ಕೆಳಗೆ. ಬುಧವಾರ ಏಳಕ್ಕೆ, ಒಂದಕ್ಕೆ, ಸಂಜೆ ಏಳಕ್ಕೆ: ಒಂದು ಬಿಂದು ನಾಲ್ಕು ಕೆಳಗೆ, ಬಿಂದು ಮೂರು ಮೇಲೆ, ಬಿಂದು ನಾಲ್ಕು ಕೆಳಗೆ. ಸರಾಸರಿ ಸೊನ್ನೆಗಿಂತ ಬಿಂದು ಐದು ಕೆಳಗೆ. ಬೇಲಿಯಾಚೆ ಚಳಿಗಾಲ ಬಂದಿತ್ತು; ಈಚೆ ಬಂದಿರಲಿಲ್ಲ.

ಆದರೆ ಅವನು ಪ್ರಾಮಾಣಿಕ ಮನುಷ್ಯ. ನೋಟ್‌ಬುಕ್ ಮಡಚಿ ಹಿಂದಕ್ಕೆ ಕೊಟ್ಟ. ಕಲಮಿನಲ್ಲಿ "ಸಂಘದ ಉಷ್ಣಮಾಪಕದ ಲೆಕ್ಕದಂತೆ" ಎಂದಿದೆ, ಇದು ಸಂಘದ್ದಲ್ಲ, ಏನೂ ಮಾಡುವಂತಿಲ್ಲ ಎಂದ. ಹೋಲ್ಗರ್ ಕೂಡ ತಲೆಯಾಡಿಸಿದರು. ಹತಾಶೆಯಲ್ಲೂ ಸ್ವೀಡಿಷರು ಕಲಮನ್ನು ಗೌರವಿಸುತ್ತಾರೆ.

ಡಾಗ್ನಿಯವರು ಪೆನ್ನು ಕೆಳಗಿಟ್ಟರು. ಕಳೆದ ಐವತ್ತು ಚಿಲ್ಲರೆ ವರ್ಷಗಳಲ್ಲಿ ಸಭೆ ನಡೆಯುವಾಗ ಅವರು ಪೆನ್ನು ಕೆಳಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

"ಆ ಉಷ್ಣಮಾಪಕದ ಹಿತ್ತಾಳೆ ಪಟ್ಟಿ ಮೇಲೆ ಎರಡು ಅಂತ ಅಂಕಿ ಇದೆಯಾ, ಹೋಲ್ಗರ್?"

ಹೋಲ್ಗರ್ ಯೋಚಿಸಿದರು. "ಇದೆ. ನಮ್ಮಪ್ಪನ ಕಾಲದ್ದು. ಯಾಕೆ?"

ಅವರು ನಾಲ್ಕನೆಯ ಕಡತ ತೆರೆದು, ನಾಲಿಗೆಗೆ ಬೆರಳು ತಾಗಿಸಿ ಪುಟ ತಿರುಗಿಸಿ ಓದಿದರು. ೧೯೭೪ರ ಏಪ್ರಿಲ್ ಮೂರರ ಸಭೆ. ಸಂಘದ ಎರಡನೆಯ ಸಂಖ್ಯೆಯ ಉಷ್ಣಮಾಪಕವನ್ನು ಎವರ್ಟ್ ಸಂಡೆಲಿನ್ ಅವರಿಗೆ, ಟೊಮ್ಯಾಟೊ ಸಸಿಗಳ ಸಲುವಾಗಿ, ಎರಡು ವಾರದ ಮಟ್ಟಿಗೆ ಎರವಲು ಕೊಡಲಾಯಿತು. ಅಧ್ಯಕ್ಷರು ಸೀನಿದರು. ಕಾಫಿಯೊಂದಿಗೆ ಸಭೆ ಮುಗಿಯಿತು.

"ವಾಪಸು ಬಂದ ದಾಖಲೆ ಇಲ್ಲ," ಎಂದು ಡಾಗ್ನಿಯವರು ಕಡತ ಮುಚ್ಚಿದರು. "ಅದು ನಮ್ಮದು."

ಹೋಲ್ಗರ್‌ರ ಕಿವಿಗಳು ಕೆಂಪಾದವು. ಎರಡು ವಾರದ ಎರವಲನ್ನು ಅರ್ಧ ಶತಮಾನ ಇಟ್ಟುಕೊಂಡ ಮನೆತನದವನು ತಾನೆಂದು ತಿಳಿದ ನೋವು ಒಂದು ಕಡೆ, ತಾಳೆಯ ಪುಟ ತುಂಬಿತೆಂಬ ಹಿಗ್ಗು ಇನ್ನೊಂದು ಕಡೆ. ಆ ಮುಖದಲ್ಲಿ ಎರಡಕ್ಕೂ ಜಾಗ ಸಾಲಲಿಲ್ಲ. ಅವರು ಕ್ಷಮೆ ಕೇಳಿದರು. ಉಷ್ಣಮಾಪಕವನ್ನು ತಂದು ಮೇಜಿನ ಮೇಲಿಟ್ಟು ಮತ್ತೆ ಕ್ಷಮೆ ಕೇಳಿದರು. ಆಲ್ಗೊಟ್ ಎದ್ದು ನಿಂತು, ಈ ಸಲ ಸರಾಗವಾಗಿ, ಸ್ಕಾರ್ವಿಕ್ ಊರಿಗೆ ಚಳಿಗಾಲ ಆಗಮಿಸಿದೆಯೆಂದು ಘೋಷಿಸಿದ. ಆ ದೇಶದಲ್ಲಿ ಗುರುವಾರಕ್ಕೆ ಹೇಗೂ ಮನೆಮನೆಯಲ್ಲೂ ಬಟಾಣಿ ಸೂಪು ಮತ್ತು ಪ್ಯಾನ್‌ಕೇಕ್. ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡದ ಮನೆಯಲ್ಲಿ ಎರಡೂ ಸಂಘಗಳಿಗೆ ಚಳಿಗಾಲದ ಔತಣ, ಅಧ್ಯಕ್ಷರ ಭಾಷಣ ಎಂದು ನಿರ್ಣಯವಾಯಿತು. ಸೋರುವ ಮಾಡನ್ನು ಹೋಲ್ಗರ್ ದಂಡವಾಗಿ ತೇಪೆ ಹಾಕಿಕೊಡುವುದೆಂದೂ ಸೇರಿಸಲಾಯಿತು.

ಒಂದೇ ಒಂದು ಕೊರಗು ಉಳಿದಿತ್ತು. "ಒಂದು ಎಸಳು ಹಿಮ ಬಿದ್ದಿದ್ರೆ ಚೆನ್ನಾಗಿತ್ತು," ಎಂದು ಆಲ್ಗೊಟ್ ರಾತ್ರಿಯೂಟದ ತಟ್ಟೆ ತೊಳೆಯುತ್ತ ಮೈಬ್ರಿಟ್‌ಗೆ ಹೇಳಿದ. "ಬರೀ ಕಾಗದದ ಮೇಲಿನ ಚಳಿಗಾಲ ಇದು." ಬಂದ ಚಳಿಗಾಲಕ್ಕೆ ವಂದನೆ ಹೇಳಿ ತಟ್ಟೆ ಒರೆಸು ಎಂದಳು ಅವಳು.

ಗುರುವಾರ ಬೆಳಿಗ್ಗೆ ಉಷ್ಣಾಂಶ ಆರು ಡಿಗ್ರಿ ಮೇಲಿತ್ತು. ಸಣ್ಣಗೆ ಮಳೆ ಹನಿಯುತ್ತಿತ್ತು. ಚಳಿಗಾಲ ನಿಯಮಕ್ಕೆ ಬೇಕಾದಷ್ಟೇ ದಿನ ಇದ್ದು, ಒಂದು ತಾಸೂ ಹೆಚ್ಚು ನಿಲ್ಲದೆ ಹೋಗಿತ್ತು. ಆಲ್ಗೊಟ್ ಭಾಷಣದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಯೆರ್ಕರ್‌ನನ್ನು ಹತ್ತೂವರೆಯ ರೈಲಿಗೆ ಬಿಡಲು ನಿಲ್ದಾಣಕ್ಕೆ ಹೋದ. ಬಳಕೆಯಾಗದ ಹಲಗೆಗಳನ್ನು ಇಬ್ಬರೂ ಸೇರಿ ರೈಲಿನ ಬೋಗಿಯೊಳಕ್ಕೆ ತಳ್ಳಿದರು.

"ನೀವು ಇಷ್ಟು ದೂರ ಬಂದಿದ್ದಕ್ಕೆ ಒಂಚೂರಾದ್ರೂ ಹಿಮ ತೋರಿಸ್ಬೇಕಿತ್ತು, ಭಾವ," ಎಂದ ಆಲ್ಗೊಟ್ ಸಂಕೋಚದಿಂದ. "ಏನೂ ಬೀಳ್ಲಿಲ್ಲ ನೋಡಿ."

ಯೆರ್ಕರ್ ಬಾಗಿಲಿನಲ್ಲಿ ನಿಂತು ಹೊಗೆಸೊಪ್ಪಿನ ಪೊಟ್ಟಣವನ್ನು ನಾಲಿಗೆಯಿಂದ ಸರಿಪಡಿಸಿಕೊಂಡ. "ನಿನ್ನೆ ಉದುರ್ತಲ್ಲ."

"ಏನು ಉದುರ್ತು?"

"ನೀವು ಒಳಗ ಮೀಟಿಂಗ್ ಮಾಡ್ಲಿಕ್ಕತ್ತಿದ್ರಿ. ಅವಾಗ."

"ಹಿಮವಾ?"

ಯೆರ್ಕರ್ ಬಾಯಿ ಸಣ್ಣಗೆ ಮಾಡಿ ಶುಪ್ ಎಂದು ಗಾಳಿ ಒಳಗೆಳೆದ.

ಆಲ್ಗೊಟ್ ಬಾಗಿಲಿಗೆ ಹತ್ತಿರ ಬಂದ. "ಯಾಕೆ ಕೂಗ್ಲಿಲ್ಲ?"

"ಹೇಳುವಂಥಾದ್ದೇನಿತ್ತು ಅದರಾಗ."

ರೈಲಿನ ಸೀಟಿ ಮೊಳಗಿತು. ಆ ಕ್ಷಣದಲ್ಲಿ ಬೇರೆ ಯಾರೇ ಆಗಿದ್ದರೂ ಕೈ ಬೀಸಿ ಮನೆಗೆ ಬರುತ್ತಿದ್ದರು. ಆಲ್ಗೊಟ್ ಆಗಲೇ ಜೇಬಿನಿಂದ ಭಾಷಣ ತೆಗೆದು, ಅದರ ಹಿಂಬದಿಯಲ್ಲಿ ಅಡ್ಡಗೆರೆ ಹೊಡೆದು ಕೋಷ್ಟಕ ಮಾಡುತ್ತಿದ್ದ. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ನಿಮಿಷ, ಹಿಮದ ಎಸಳುಗಳು ಒಣಗಿದ್ದವೋ ಒದ್ದೆಯೋ, ಯಾವ ದಿಕ್ಕಿನಿಂದ, ನೆಲಕ್ಕೆ ಬಿದ್ದು ಎಷ್ಟು ಹೊತ್ತು ಉಳಿದವು? ಮೊದಲನೆಯ ಪ್ರಶ್ನೆಗೆ ಅವನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಮೂರನೆಯದಕ್ಕೆ ಎರಡೂ ಕಾಲು. ಬಾಗಿಲು ಮುಚ್ಚಿದಾಗ ಅವನು "ದಿಕ್ಕು" ಎಂಬ ಕಾಲಮಿನಲ್ಲಿದ್ದ. ಆ ರೈಲು ಮುಂದೆ ನಿಲ್ಲುವುದು ಎಪ್ಪತ್ತು ಕಿಲೋಮೀಟರ್ ಆಚೆ.

ಹನ್ನೊಂದೂಕಾಲಿಗೆ ಅವನು ಮೈಬ್ರಿಟ್‌ಗೆ ಫೋನ್ ಮಾಡಿದ. ಏಳು ಇಪ್ಪತ್ತರಿಂದ ಏಳು ಇಪ್ಪತ್ತೇಳರವರೆಗೆ, ಪೂರ್ವದಿಂದ, ಒಣ ಎಸಳುಗಳು, ಅವುಗಳಲ್ಲಿ ಒಂದು ಮುದುಕಿ ಮರೆತುಹೋದ ಬಟ್ಟೆಯ ಬುಟ್ಟಿಯ ಹಿಡಿಯ ಮೇಲೆ ಅರ್ಧ ನಿಮಿಷ ನಿಂತಿತ್ತು ಎಂದ. ವಾಪಸು ಬರುವ ರೈಲು ಎರಡು ಗಂಟೆಗೆ ಎಂದು ಕೊನೆಯಲ್ಲಿ ಸೇರಿಸಿದ.

ಗುಡ್ಡದ ಮನೆಯಲ್ಲಿ ಒಲೆ ಹೊತ್ತಿತ್ತು. ಬಟಾಣಿ ಸೂಪಿನ ಆವಿ ಕಿಟಕಿಗಳನ್ನು ಮುಚ್ಚಿತ್ತು. ಹೋಲ್ಗರ್ ಮಾಡಿನ ಮೇಲೆ ಮಳೆಯಲ್ಲಿ ಮೊಳೆ ಹೊಡೆಯುತ್ತಿದ್ದರು. ಸರಿಯಾಗಿ ಹನ್ನೆರಡಕ್ಕೆ ಡಾಗ್ನಿಯವರು ಮೂವತ್ತಮೂರನೆಯ ಕಡತ ತೆರೆದು, ಹಾಜರಿದ್ದವರನ್ನು ಎಣಿಸಿ, ಮೈಬ್ರಿಟ್ ಹೇಳಿದ್ದನ್ನು ಪೂರ್ತಿ ಕೇಳಿ, ಮೊದಲ ಸಾಲು ಬರೆದರು:

"ಹಿಮಪಾತದ ಕಾರಣ ಅಧ್ಯಕ್ಷರು ಗೈರುಹಾಜರು."